ಮೂವತ್ತೊಂದು ಗೂಟ

ಮಸ್ಕತ್ತಿನ ದೊಡ್ಡ ಮಸೀದಿಯ ಪಕ್ಕದ ಬಾಗಿಲಲ್ಲಿ
ಮೂವತ್ತೊಂದು ಗೂಟ, ಮೂವತ್ತು ಅಬಾಯ.
ಒಂದನ್ನು ಯಾರೋ ತೊಟ್ಟುಕೊಂಡೇ ಹೊರಟುಹೋದರು,
ಹೋದ ರಂಜಾನಿಗೂ ಮುಂಚೆ.
ಖಾಲಿ ಗೂಟ ಹಾಗೇ ಇದೆ. ನಾನೂ ಇದ್ದೇನೆ.
ಜುವೈನಾ ಅಂತ ಹೆಸರು. ಕೇಳುವವರು ಕಡಿಮೆ.

ಬೆಳಗ್ಗೆ ಎಂಟಕ್ಕೇ ಅಂಗಳ ಕಾದ ಹೆಂಚು.
ಬಸ್ಸಿಳಿದವರು ಮೊದಲು ಬಿಸಿಲನ್ನು ನೋಡುತ್ತಾರೆ,
ಆಮೇಲೆ ನನ್ನ ಕೈಯ ಕಪ್ಪು ನಿಲುವಂಗಿಯನ್ನು,
ಆಮೇಲೆ ಒಬ್ಬರ ಮುಖ ಒಬ್ಬರು.
ಇಷ್ಟು ಸೆಕೆಯಲ್ಲಿ, ಇದನ್ನಾ?
ಮಾತು ಯಾವ ದೇಶದ್ದಾದರೂ
ಹುಬ್ಬು ಏರುವುದು ಒಂದೇ ಥರ.

ಒಬ್ಬಳು ಖರ್ಜೂರದ ಮರದಷ್ಟು ಎತ್ತರ.
ಎಷ್ಟು ಎಳೆದರೂ ಕಾಲಲ್ಲಿ ಒಂದು ಗೇಣು ಉಳಿಯಿತು,
ಸುಟ್ಟು ಕೆಂಪಾದ ಗೇಣು.
ಸೂರಿನ ನನ್ನ ಅಜ್ಜಿ ಇದ್ದಿದ್ದರೆ ಗದರುತ್ತಿದ್ದಳು:
ಮೀನೇನೇ ನೀನು, ಮೈ ಒಣಹಾಕಿಕೊಳ್ಳೋಕೆ?
ಬಟ್ಟೆ ಅಂದರೆ ಜೊತೆಗೇ ನಡೆಯುವ ನೆರಳು, ಹುಚ್ಚಿ!

ಚಡ್ಡಿಯ ಹಿರಿಯರೊಬ್ಬರಿಗೆ ಬಿಳಿ ಪಂಚೆ ಕೊಟ್ಟೆ.
ಗಂಟು ಹಾಕಿಕೊಡಲು ಮರ್ಹೂನನನ್ನು ಕೂಗಿದರೆ
ಅವನು ಚಹಾ ಕುಡಿಯಲು ಹೋಗಿದ್ದ.
ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡೇ ಒಳಗೆ ನಡೆದರು ಪಾಪ,
ಕ್ಯಾಮೆರಾ ಕತ್ತಿನಲ್ಲಿ ಸುಮ್ಮನೆ ತೂಗುತ್ತಿತ್ತು.

ಇನ್ನೊಬ್ಬಳು ಅಬಾಯವನ್ನು ನೆಲಕ್ಕೆ ಎಸೆದಳು.
ಸಿಟ್ಟು ಬಂತು. ಎತ್ತಿಕೊಂಡೆ,
ಧೂಳು ಕೊಡವುವ ನೆಪದಲ್ಲಿ
ಗೋಡೆಗೆ ನಾಲ್ಕು ಸಲ ಬಡಿದೆ.

ಸಂಜೆ ಎಲ್ಲವನ್ನೂ ಒಗೆಯುತ್ತೇನೆ.
ಯಾವಯಾವುದೋ ಊರಿನ ಕತ್ತಿನ ಉಪ್ಪು,
ಕೊಬ್ಬರಿ ವಾಸನೆಯ ಕ್ರೀಮು,
ಜೇಬಿನಲ್ಲಿ ಒಮ್ಮೆ ಅರ್ಧ ಬಿಸ್ಕತ್ತು.
ಒಣಗಿದ ಮೇಲೆ ಲೋಬಾನದ ಹೊಗೆ ಹಿಡಿದರೆ
ಮೂವತ್ತೂ ಮತ್ತೆ ಯಾರದೂ ಅಲ್ಲ.

ಹೋದ ವರ್ಷ ಹೊಟ್ಟೆಯ ಗಡ್ಡೆಗೆಂದು
ತಮ್ಮ ಬ್ಯಾಂಕಾಕಿಗೆ ಕರೆದೊಯ್ದ.
ಅಲ್ಲಿಯ ಸೆಕೆ ಬೇರೆ, ಹಿಂಡದೆ ಹೊದೆಸಿದ ಬಟ್ಟೆ.
ಆಸ್ಪತ್ರೆಯ ಕೋಣೆಯೊಳಗೆ ಮಾತ್ರ ಚಳಿ.
ನರ್ಸ್ ಹುಡುಗಿ ಎರಡೂ ಅಂಗೈ ಮೇಲೆ ಚಾಚಿ ತಂದಳು
ಹಸಿರು ಗೌನು, ಈರುಳ್ಳಿ ಸಿಪ್ಪೆಯಷ್ಟು ತೆಳು,
ಬೆನ್ನೆಲ್ಲ ತೆರೆದು, ಮೂರೇ ಲಾಡಿ.
ಎಲ್ಲ ತೆಗೆದು ಇದನ್ನು, ಎಂದು ಸನ್ನೆ.
ಇಲ್ಲಿ ಹೀಗೇ.

ಆ ಸನ್ನೆ ನನ್ನದು! ಹತ್ತು ವರ್ಷದಿಂದ
ದಿನಕ್ಕೆ ಎಪ್ಪತ್ತು ಸಲ ನಾನು ಮಾಡುವುದು.
ನನ್ನ ಹುಬ್ಬು ತಾನಾಗಿ ಏರಿತು.

ಅವಳು ನೋಡಿದಳು. ನಗಲಿಲ್ಲ.
ಹೊರಗೆ ಹೋಗಿ ಇನ್ನೊಂದು ಗೌನು ತಂದಳು,
ಮೊದಲನೆಯದರ ಮೇಲೆ ಹಿಂದುಮುಂದಾಗಿ ತೊಡಿಸಿದಳು,
ಒಂದರ ಬಯಲಿಗೆ ಇನ್ನೊಂದು ಬೆನ್ನಾಗುವಂತೆ.
ಲಾಡಿ ಕಟ್ಟಿ, ಕಾಗದದ ಹಸಿರು ಟೋಪಿಯೊಳಗೆ
ನನ್ನ ಕೂದಲು ತೂರಿಸಿದಳು,
ನೆರೆತದ್ದು, ನೆರೆಯದ್ದು, ಎಳೆ ಎಳೆಯಾಗಿ.
ಬೇರೆಯವರ ಬೆರಳು ಅಲ್ಲಿಗೆ ಬಂದು ಎಷ್ಟು ಕಾಲವಾಗಿತ್ತು.
ನನ್ನ ಅಬಾಯ ಅವರ ಗೂಟದಲ್ಲಿ ತೂಗುತ್ತಿತ್ತು,
ಯಾರೋ ಬಿಟ್ಟುಹೋದದ್ದರ ಹಾಗೆ.

ಈಗಲೂ ಬಸ್ಸು ಬರುತ್ತದೆ, ಹುಬ್ಬು ಏರುತ್ತದೆ.
ಹೆಗಲು ಸುಟ್ಟವಳಿಗೆ
ಸವೆದು ಮೆತ್ತಗಾದದ್ದನ್ನು ಹುಡುಕಿ ಕೊಡುತ್ತೇನೆ.
ಬೇಡವೆಂದವರ ಮುಂದೆ
ತೋಳನ್ನು ಬಿಚ್ಚಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ.
ಕೆಲವರು ಕೈ ತೂರುತ್ತಾರೆ.
ಕೆಲವರು ಬಸ್ಸಿಗೆ ಮರಳುತ್ತಾರೆ, ಅದೂ ಸರಿಯೇ.

ಖಾಲಿ ಗೂಟದಲ್ಲೀಗ ಆ ಹಸಿರು ಟೋಪಿ.
ಮರ್ಹೂನ್ ಕೇಳಿದ, ಇದು ಯಾರಿಗೆ?
ಅಂಚಿಗೆ ರಬ್ಬರಿದೆ ಮಾರಾಯ, ಎಂದೆ,
ಯಾರ ತಲೆಗಾದರೂ ಆಗುತ್ತದೆ.